ಕ್ರಿಯೆ, ಪ್ರತಿಕ್ರಿಯೆ ಮತ್ತು ಫಲಿತ ಬಲ: ನ್ಯೂಟನ್ನನ ಮೂರನೆಯ ನಿಯಮವನ್ನು ಕುರಿತು ಒಂದು ವಿವೇಚನೆ

ಇತಿಹಾಸದ ಪಠ್ಯಗಳಲ್ಲಿಯೂ ಅವುಗಳನ್ನು ಓದಿ ಬರೆದ ಉತ್ತರಪತ್ರಿಕೆಗಳಲ್ಲಿಯೂ ಭೌತವಿಜ್ಞಾನದಿಂದ ಎರವಲು ತಂದ ಒಂದು ಮಾತು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆಯೊಂದು ಇದ್ದೇ ತೀರಬೇಕಾದುದರಿಂದ ಲೂಥರನ ಮತಸುಧಾರಣೆಗೆ ಎದುರಾಗಿ ಕ್ಯಾಥೊಲಿಕ್ ಸುಧಾರಣೆಯು ಹುಟ್ಟಿತೆಂದೂ, 1789ರ ಫ್ರಾನ್ಸಿನ ಕ್ರಾಂತಿಗೆ ಎದುರಾಗಿ 1815ರ ವಿಯೆನ್ನ ವ್ಯವಸ್ಥೆಯು ಬಂದಿತೆಂದೂ ವಿದ್ಯಾರ್ಥಿಗಳು ಬರೆಯುತ್ತಾರೆ. ನ್ಯೂಟನ್ನನ ಹೆಸರು ಬಂದೊಡನೆ ವಾದಕ್ಕೆ ಪ್ರಕೃತಿನಿಯಮದ ಬೆಂಬಲವೇ ದೊರೆತಂತೆ ತೋರುತ್ತದೆ. ಆ ನಿಯಮವು ನಿಜವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಅದರ ಚರಿತ್ರೆಯ ಕೆಲವು ಘಟನೆಗಳ ಮೂಲಕ ವಿವೇಚಿಸುವುದು ಈ ಲೇಖನದ ಉದ್ದೇಶ. ಇದಕ್ಕಾಗಿ ನಾವು ಭೌತವಿಜ್ಞಾನದ ಅಧ್ಯಾಪಕರ ಸೀಮೆಯೊಳಕ್ಕೆ ಕಾಲಿಡಬೇಕಾಗಿದೆ. ಅವರ ಮಾತನ್ನು ನಮ್ಮವರು ಇಷ್ಟು ಕಾಲ ಸಲಿಗೆಯಿಂದ ಬಳಸಿಕೊಂಡಿರುವಾಗ ಈ ಅತಿಕ್ರಮಣವನ್ನು ಅವರು ಕ್ಷಮಿಸುವರೆಂದು ನಂಬಿದ್ದೇವೆ.

ಮೊದಲ ತೊಡಕು ಶಬ್ದದಲ್ಲಿಯೇ ಇದೆ. ಪ್ರತಿಕ್ರಿಯೆ ಎಂಬ ಪದವು ನಮ್ಮ ಕಿವಿಗೆ ಪ್ರತ್ಯುತ್ತರ, ಪ್ರತಿಧ್ವನಿ, ಪ್ರತೀಕಾರ ಎಂಬ ಪದಗಳ ಸಾಲಿನಲ್ಲಿ ಕೇಳಿಸುತ್ತದೆ. ಪ್ರಶ್ನೆಯಾದ ಮೇಲೆ ಪ್ರತ್ಯುತ್ತರ, ಧ್ವನಿಯಾದ ಮೇಲೆ ಪ್ರತಿಧ್ವನಿ, ಅಪಕಾರವಾದ ಮೇಲೆ ಪ್ರತೀಕಾರ. ಹೀಗೆ ಒಂದು ಮೊದಲು, ಇನ್ನೊಂದು ಅನಂತರ ಎಂಬ ಕಾಲಕ್ರಮವು ಪದದೊಡನೆಯೇ ಮನಸ್ಸನ್ನು ಹೊಕ್ಕುಬಿಡುತ್ತದೆ. ಅದರ ಜೊತೆಗೆ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಲೋಕೋಕ್ತಿಯ ಕರ್ಮಫಲದ ಛಾಯೆಯೂ ಸೇರಿಕೊಂಡು, ನ್ಯೂಟನ್ನನ ನಿಯಮವು ಒಂದು ಬಗೆಯ ನೀತಿವಾಕ್ಯವಾಗಿಯೇ ಪರಿಣಮಿಸುತ್ತದೆ. ನಿಯಮದ ಅರ್ಥಕ್ಕೆ ಒಪ್ಪುವ ಗಾದೆ ಬೇಕೆಂದರೆ ‘ಎರಡು ಕೈ ಸೇರಿದರೇ ಚಪ್ಪಾಳೆ’ ಎಂಬುದು ವಾಸಿ. ಚಪ್ಪಾಳೆಯಲ್ಲಿ ಯಾವ ಕೈಯ ಪೆಟ್ಟು ಮೊದಲು, ಯಾವುದರದು ಅನಂತರ ಎಂಬ ಪ್ರಶ್ನೆಯೇ ಏಳುವುದಿಲ್ಲ. ಬಲಗೈಗೆ ಎಡಗೈಯಿಂದ ಎಷ್ಟು ಪೆಟ್ಟೋ ಎಡಗೈಗೆ ಬಲಗೈಯಿಂದ ಅಷ್ಟೇ ಪೆಟ್ಟು, ಅದೇ ಕ್ಷಣದಲ್ಲಿ.

ನ್ಯೂಟನ್ನನು ಈ ನಿಯಮವನ್ನು 1687ರಲ್ಲಿ ಪ್ರಕಟವಾದ ತನ್ನ ‘ಪ್ರಿನ್ಸಿಪಿಯ’ ಗ್ರಂಥದ ಆರಂಭದಲ್ಲಿ ಮೂರನೆಯದಾಗಿ ನಿರೂಪಿಸಿದ್ದಾನೆ. ಅಲ್ಲಿ ಅವನು ಕೊಡುವ ವಿವರಣೆಯನ್ನು ಓದಿದವರಿಗೆ ಕಾಲಕ್ರಮದ ಭ್ರಾಂತಿಗೆ ಎಡೆಯೇ ಇಲ್ಲ. ಬೆರಳಿನಿಂದ ಕಲ್ಲನ್ನು ಒತ್ತಿದರೆ ಕಲ್ಲೂ ಬೆರಳನ್ನು ಒತ್ತುತ್ತದೆ. ಹಗ್ಗ ಕಟ್ಟಿ ಕಲ್ಲನ್ನು ಎಳೆಯುವ ಕುದುರೆಯನ್ನು ಕಲ್ಲೂ ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಏಕೆಂದರೆ ಬಿಗಿದ ಹಗ್ಗವು ಎರಡು ತುದಿಗಳನ್ನೂ ಸಮನಾಗಿಯೇ ಜಗ್ಗುತ್ತದೆ. ಇದು ಅವನ ಉದಾಹರಣೆಗಳ ಸಾರಾಂಶ. ಗಮನಿಸಬೇಕಾದ ಅಂಶವೆಂದರೆ, ಪ್ರತಿ ಉದಾಹರಣೆಯಲ್ಲಿಯೂ ವಸ್ತುಗಳು ಎರಡು. ಬಲವೆಂಬುದು ಒಂದು ವಸ್ತು ತನ್ನೊಳಗೆ ಇಟ್ಟುಕೊಂಡಿರುವ ಸ್ವತ್ತಲ್ಲ; ಎರಡು ವಸ್ತುಗಳ ನಡುವಿನ ವ್ಯವಹಾರ. ವ್ಯವಹಾರ ಒಂದೇ, ಅದನ್ನು ಒಂದು ಕಡೆಯಿಂದ ನೋಡಿದಾಗ ಕ್ರಿಯೆ, ಮತ್ತೊಂದು ಕಡೆಯಿಂದ ನೋಡಿದಾಗ ಪ್ರತಿಕ್ರಿಯೆ. ಯಾವುದಕ್ಕೆ ಯಾವ ಹೆಸರನ್ನಿಟ್ಟರೂ ಬಾಧಕವಿಲ್ಲ.

ಇಷ್ಟನ್ನು ಒಪ್ಪಿದೊಡನೆ ಒಂದು ಹಳೆಯ ಸಮಸ್ಯೆ ಎದುರಾಗುತ್ತದೆ. ನ್ಯೂಟನ್ನನ ಕುದುರೆಯ ಬದಲು ನಮಗೆ ಪರಿಚಿತವಾದ ಜೋಡೆತ್ತಿನ ಬಂಡಿಯನ್ನೇ ತೆಗೆದುಕೊಳ್ಳೋಣ. ಎತ್ತುಗಳು ಬಂಡಿಯನ್ನು ಮುಂದಕ್ಕೆ ಎಳೆದಷ್ಟೇ ಬಲದಿಂದ ಬಂಡಿಯೂ ಎತ್ತುಗಳನ್ನು ಹಿಂದಕ್ಕೆ ಎಳೆಯುವುದಾದರೆ, ಆ ಎರಡು ಬಲಗಳೂ ಒಂದನ್ನೊಂದು ಕಳೆದು ಶೂನ್ಯವಾಗಬೇಕು. ಹಾಗಿರಲು ಬಂಡಿ ಹೊರಡುವುದಾದರೂ ಹೇಗೆ? ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದ ವಿದ್ಯಾರ್ಥಿಯನ್ನು ತುಂಟನೆಂದು ಕುಳ್ಳಿರಿಸುವುದು ಅನ್ಯಾಯ. ಅವನು ನಿಯಮವನ್ನು ಅರ್ಥಮಾಡಿಕೊಳ್ಳಲು ಯತ್ನಿಸುತ್ತಿದ್ದಾನೆ. ‘ಎತ್ತುಗಳ ಬಲ ಸ್ವಲ್ಪ ಹೆಚ್ಚು, ಆದ್ದರಿಂದ ಬಂಡಿ ಹೊರಡುತ್ತದೆ’ ಎಂದು ಅವನಿಗೆ ಉತ್ತರಿಸಿದರೆ ನಿಯಮವನ್ನೇ ಕೈಬಿಟ್ಟಂತಾಯಿತು. ಬಂಡಿಯು ನಿಂತಿರಲಿ, ಹೊರಡುತ್ತಿರಲಿ, ಓಡುತ್ತಿರಲಿ, ಆ ಎರಡು ಬಲಗಳು ಯಾವಾಗಲೂ ಸಮನಾಗಿಯೇ ಇರುತ್ತವೆ.

ಉತ್ತರವಿರುವುದು ಬೇರೆಡೆ. ಒಂದನ್ನೊಂದು ಕಳೆಯಬೇಕಾದರೆ ಎರಡು ಬಲಗಳೂ ಒಂದೇ ವಸ್ತುವಿನ ಮೇಲೆ ಬೀಳಬೇಕು. ಎತ್ತುಗಳ ಎಳೆತವು ಬಂಡಿಯ ಮೇಲೆ ಬೀಳುತ್ತದೆ. ಬಂಡಿಯ ಎಳೆತವು ಎತ್ತುಗಳ ಮೇಲೆ ಬೀಳುತ್ತದೆ. ರಾಮನ ಖಾತೆಯ ಜಮೆಯಲ್ಲಿ ಭೀಮನ ಖಾತೆಯ ಖರ್ಚನ್ನು ಕಳೆಯುವ ಗುಮಾಸ್ತನುಂಟೆ? ಒಂದು ವಸ್ತುವಿನ ಚಲನೆಯನ್ನು ತಿಳಿಯಬೇಕಾದರೆ ಆ ವಸ್ತುವಿನ ಮೇಲೆ ಬೀಳುವ ಬಲಗಳನ್ನು ಮಾತ್ರ, ಅವುಗಳ ದಿಕ್ಕನ್ನು ಅನುಸರಿಸಿ, ಒಟ್ಟುಗೂಡಿಸಬೇಕು. ಹೀಗೆ ಒಟ್ಟುಗೂಡಿಸಿದಾಗ ಉಳಿಯುವುದೇ ಫಲಿತ ಬಲ. ನಿವ್ವಳ ಬಲವೆಂದೂ ಇದನ್ನು ಕರೆಯುತ್ತಾರೆ. ಆ ವಸ್ತು ಇತರರ ಮೇಲೆ ಹಾಕುವ ಬಲಗಳಿಗೆ ಅದರ ಲೆಕ್ಕದಲ್ಲಿ ಸ್ಥಾನವಿಲ್ಲ. ಫಲಿತ ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷವು ದೊರೆಯುತ್ತದೆ. ನ್ಯೂಟನ್ನನ ಎರಡನೆಯ ನಿಯಮದ ಫಲವಾದ ಈ ಸೂತ್ರಕ್ಕೆ ಇಂದಿನ ಸಮೀಕರಣದ ರೂಪವನ್ನು ಕೊಟ್ಟವನು ನ್ಯೂಟನ್ನನಲ್ಲ, 1750ರಲ್ಲಿ ಬರ್ಲಿನ್ನಿನ ಅಕಾಡೆಮಿಗೆ ಪ್ರಬಂಧವನ್ನೊಪ್ಪಿಸಿದ ಆಯ್ಲರನೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು.

ಬಂಡಿಯ ಲೆಕ್ಕವನ್ನು ಅಂಕಿಗಳಲ್ಲಿಯೇ ನೋಡೋಣ. ಹೇರು ಸಹಿತ ಬಂಡಿಯ ದ್ರವ್ಯರಾಶಿ 800 ಕಿಲೋಗ್ರಾಂ, ಎತ್ತುಗಳೆರಡರದು ಒಟ್ಟು 600 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಗಾಲಿಗಳ ಮೇಲೆ ನೆಲವೂ ಅಚ್ಚೂ ಒಡ್ಡುವ ತಡೆ 300 ನ್ಯೂಟನ್ ಇರಲಿ. ನೊಗದ ಮೂಲಕ ಎತ್ತುಗಳು ಬಂಡಿಯನ್ನು 380 ನ್ಯೂಟನ್ ಬಲದಿಂದ ಎಳೆದರೆ ಬಂಡಿಯ ಮೇಲಿನ ಫಲಿತ ಬಲ 80 ನ್ಯೂಟನ್. ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ 0.1 ಮೀಟರು. ಇನ್ನು ಎತ್ತುಗಳ ಖಾತೆ. ಬಂಡಿಯು ಅವನ್ನು ಅದೇ 380 ನ್ಯೂಟನ್ ಬಲದಿಂದ ಹಿಂದಕ್ಕೆ ಜಗ್ಗುತ್ತಿದೆ. ಆದರೂ ಅವು ಬಂಡಿಯೊಡನೆ ಅಷ್ಟೇ ವೇಗೋತ್ಕರ್ಷದಿಂದ ಮುಂದಕ್ಕೆ ಹೋಗಬೇಕಾದರೆ 60 ನ್ಯೂಟನ್ ಫಲಿತ ಬಲ ಬೇಕು. ಆದುದರಿಂದ ಅವನ್ನು ಯಾವುದೋ ಒಂದು ವಸ್ತು 440 ನ್ಯೂಟನ್ ಬಲದಿಂದ ಮುಂದಕ್ಕೆ ನೂಕುತ್ತಿರಬೇಕು. ಆ ವಸ್ತು ನೆಲ. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲವು ಎತ್ತನ್ನು ಮುಂದಕ್ಕೆ ಒತ್ತುತ್ತದೆ. ಕೆಸರಿನಲ್ಲಿ ಗೊರಸು ಜಾರಿದಾಗ ಎಂಥ ಬಲಿಷ್ಠ ಎತ್ತೂ ಬಂಡಿಯನ್ನು ಕದಲಿಸಲಾರದೆ ಹೋಗುವುದನ್ನು ಕಂಡ ರೈತನಿಗೆ ಬಂಡಿಯು ಹೊರಡಲು ಎತ್ತಿನ ಸ್ನಾಯುಬಲವೊಂದೇ ಸಾಲದೆಂದು ಹೇಳಿಕೊಡಬೇಕಾಗಿಲ್ಲ. ಎತ್ತು, ಬಂಡಿ ಎರಡನ್ನೂ ಸೇರಿಸಿ ಒಂದೇ ವಸ್ತುವೆಂದು ಎಣಿಸಿದರೂ ಲೆಕ್ಕ ಕೂಡುತ್ತದೆ: ಹೊರಗಿನಿಂದ ಬೀಳುವ ಬಲಗಳು ಮುಂದಕ್ಕೆ 440, ಹಿಂದಕ್ಕೆ 300, ಉಳಿದ 140 ನ್ಯೂಟನ್ ಬಲವು 1,400 ಕಿಲೋಗ್ರಾಂ ದ್ರವ್ಯರಾಶಿಗೆ ಅದೇ 0.1ರ ವೇಗೋತ್ಕರ್ಷವನ್ನು ಕೊಡುತ್ತದೆ. ನೊಗದ ಬಳಿಯ 380ರ ಜೋಡಿ ಈಗ ಒಳಗಿನ ವ್ಯವಹಾರವಾಗಿ ಲೆಕ್ಕದಿಂದ ಬಿದ್ದುಹೋಗುತ್ತದೆ. ಜೋಡಿಯು ಪರಸ್ಪರ ಕಳೆದುಹೋಗುವುದು ಈ ಒಂದು ಸಂದರ್ಭದಲ್ಲಿ ಮಾತ್ರ.

ಇನ್ನೊಂದು ತಪ್ಪು ಕಲ್ಪನೆ ಬಂಡಿಯದಕ್ಕಿಂತಲೂ ಸೂಕ್ಷ್ಮವಾದುದು. ಮೇಜಿನ ಮೇಲೆ ಒಂದು ಪುಸ್ತಕವಿದೆ. ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತದೆ. ಮೇಜು ಅದನ್ನು ಮೇಲಕ್ಕೆ ಒತ್ತುತ್ತದೆ. ಎರಡೂ ಸಮ, ಎರಡೂ ವಿರುದ್ಧ. ಆದ್ದರಿಂದ ಇವು ಕ್ರಿಯೆ-ಪ್ರತಿಕ್ರಿಯೆಗಳೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಇವೆರಡೂ ಒಂದೇ ವಸ್ತುವಾದ ಪುಸ್ತಕದ ಮೇಲೆಯೇ ಬೀಳುತ್ತಿವೆ ಎಂಬುದರಿಂದಲೇ ಇವು ಜೋಡಿಯಲ್ಲವೆಂದು ತಿಳಿಯಬೇಕು. ನಿಜವಾದ ಜೋಡಿಯನ್ನು ಹುಡುಕಲು ವಾಕ್ಯದಲ್ಲಿ ಕರ್ತೃವನ್ನೂ ಕರ್ಮವನ್ನೂ ಅದಲುಬದಲು ಮಾಡಿದರೆ ಸಾಕು. ‘ಭೂಮಿ ಪುಸ್ತಕವನ್ನು ಎಳೆಯುತ್ತದೆ’ ಎಂಬುದರ ಜೋಡಿ ‘ಪುಸ್ತಕ ಭೂಮಿಯನ್ನು ಎಳೆಯುತ್ತದೆ’ ಎಂಬುದು. ‘ಮೇಜು ಪುಸ್ತಕವನ್ನು ಒತ್ತುತ್ತದೆ’ ಎಂಬುದರ ಜೋಡಿ ‘ಪುಸ್ತಕ ಮೇಜನ್ನು ಒತ್ತುತ್ತದೆ’ ಎಂಬುದು. ಗುರುತ್ವಾಕರ್ಷಣೆಗೆ ಗುರುತ್ವಾಕರ್ಷಣೆಯೇ ಜೋಡಿ, ಒತ್ತುವಿಕೆಗೆ ಒತ್ತುವಿಕೆಯೇ ಜೋಡಿ. ಬೇರೆ ಬೇರೆ ಜಾತಿಯ ಬಲಗಳ ನಡುವೆ ಈ ಸಂಬಂಧವಿಲ್ಲ.

ಹಾಗಾದರೆ ಪುಸ್ತಕದ ಮೇಲಿನ ಎರಡು ಬಲಗಳು ಸಮನಾಗಿರುವುದು ಏಕೆ? ಪುಸ್ತಕವು ವೇಗೋತ್ಕರ್ಷವಿಲ್ಲದೆ ಇರುವುದರಿಂದ, ಅಷ್ಟೆ. ಅದು ಎರಡನೆಯ ನಿಯಮದ ಫಲ, ಮೂರನೆಯದರದಲ್ಲ. ವೇಗೋತ್ಕರ್ಷ ಉಂಟಾದೊಡನೆ ಆ ಸಮತೆ ತಪ್ಪುತ್ತದೆ. 60 ಕಿಲೋಗ್ರಾಂ ತೂಗುವ ವ್ಯಕ್ತಿಯೊಬ್ಬನು ಲಿಫ್ಟಿನಲ್ಲಿ ನಿಂತಿದ್ದಾನೆಂದು ಭಾವಿಸಿ. ಭೂಮಿ ಅವನನ್ನು ಎಳೆಯುವ ಬಲ 588 ನ್ಯೂಟನ್. ಲಿಫ್ಟು ಮೇಲಕ್ಕೆ ಸೆಕೆಂಡಿಗೆ ಸೆಕೆಂಡಿಗೆ 1 ಮೀಟರಿನಂತೆ ವೇಗವನ್ನು ಹೆಚ್ಚಿಸಿಕೊಳ್ಳುವಾಗ ಅದರ ತಳವು ಅವನ ಪಾದಗಳನ್ನು 648 ನ್ಯೂಟನ್ ಬಲದಿಂದ ಒತ್ತುತ್ತದೆ. ಇವೆರಡೂ ಸಮನಲ್ಲ; ಉಳಿದ 60 ನ್ಯೂಟನ್ ಫಲಿತ ಬಲದಿಂದಲೇ ಅವನು ಮೇಲೇರುವ ವೇಗವನ್ನು ಪಡೆಯುತ್ತಾನೆ. ಆದರೆ ಅವನ ಪಾದಗಳು ತಳವನ್ನು ಒತ್ತುವ ಬಲ ಆಗಲೂ ಸರಿಯಾಗಿ 648 ನ್ಯೂಟನ್ನೇ. ತಳ ಮತ್ತು ಪಾದಗಳ ಜೋಡಿ ಎಂದಿಗೂ ತಪ್ಪುವುದಿಲ್ಲ. ತೂಕ ಮತ್ತು ತಳದ ಬಲ ಇವುಗಳ ಸಮತೆ ತಪ್ಪಬಹುದು.

ನಿಯಮವನ್ನು ಘೋಷಿಸಿ ಸುಮ್ಮನಾಗುವ ಸ್ವಭಾವ ನ್ಯೂಟನ್ನನದಾಗಿರಲಿಲ್ಲ. ಇತಿಹಾಸದ ವಿದ್ಯಾರ್ಥಿಗೆ ‘ಪ್ರಿನ್ಸಿಪಿಯ’ದ ಅತ್ಯಂತ ಸ್ವಾರಸ್ಯಕರವಾದ ಪುಟಗಳು, ನಮ್ಮ ಅಭಿಪ್ರಾಯದಲ್ಲಿ, ಈ ನಿಯಮಗಳಿಗೆ ಅವನು ಜೋಡಿಸಿರುವ ಟಿಪ್ಪಣಿಯವು. ಪರಸ್ಪರ ಡಿಕ್ಕಿ ಹೊಡೆಯುವ ವಸ್ತುಗಳ ನಿಯಮಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ 1668-69ರಲ್ಲಿ ಒಪ್ಪಿಸಿದ ವಾಲಿಸ್, ರೆನ್, ಹೈಗೆನ್ಸ್ ಎಂಬ ಮೂವರನ್ನು ಅಲ್ಲಿ ಅವನು ಹೆಸರಿಸಿ ಸ್ಮರಿಸುತ್ತಾನೆ. ಋಣವನ್ನು ಒಪ್ಪಿಕೊಳ್ಳುವುದರಲ್ಲಿ ಅಷ್ಟೇನೂ ಉದಾರಿಯಲ್ಲದ ನ್ಯೂಟನ್ನನ ವಿಷಯದಲ್ಲಿ ಇದು ಗಮನಾರ್ಹ. ಅನಂತರ ತಾನು ನಡೆಸಿದ ಲೋಲಕಪ್ರಯೋಗಗಳನ್ನು ವಿವರಿಸುತ್ತಾನೆ. ಉದ್ದನೆಯ ದಾರಗಳಿಂದ ತೂಗುಹಾಕಿದ ಗೋಲಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ, ಗಾಳಿಯ ತಡೆಯಿಂದಾಗುವ ನಷ್ಟವನ್ನು ಲೆಕ್ಕಹಾಕಿ ತೆಗೆದು, ಒಂದು ಗೋಲವು ಕಳೆದುಕೊಂಡ ಸಂವೇಗವನ್ನೇ ಇನ್ನೊಂದು ಪಡೆಯುತ್ತದೆಂದು ತೋರಿಸುತ್ತಾನೆ. ವಸ್ತು ಗಟ್ಟಿಯಾಗಿರಬೇಕೆಂಬ ನಿರ್ಬಂಧವೂ ಇಲ್ಲ. ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳು, ಉಕ್ಕು, ಬಿರಟೆ, ಗಾಜು ಎಲ್ಲವನ್ನೂ ಅವನು ಪರೀಕ್ಷಿಸಿದನು. ಉಣ್ಣೆಯ ಉಂಡೆಗಳು ಪರಸ್ಪರ ಸೇರಿದ ವೇಗ 9 ಆದರೆ ಬೇರ್ಪಟ್ಟ ವೇಗ ಸುಮಾರು 5. ಗಾಜಿನವುಗಳಿಗೆ 16ಕ್ಕೆ 15. ಪುಟಿಯುವ ಗುಣ ಒಂದೊಂದರಲ್ಲಿ ಒಂದೊಂದು ರೀತಿ. ಆದರೆ ಕ್ರಿಯೆ-ಪ್ರತಿಕ್ರಿಯೆಗಳ ಸಮತೆಯು ಎಲ್ಲದರಲ್ಲಿಯೂ ಒಂದೇ.

ಡಿಕ್ಕಿಯ ವಿಷಯ ಹಾಗಾಯಿತು. ಮುಟ್ಟದೆಯೇ ಎಳೆಯುವ ಆಕರ್ಷಣೆಯಲ್ಲಿ ಈ ಸಮತೆ ಉಂಟೆಂಬುದಕ್ಕೆ ಪ್ರಮಾಣವೇನು? ಇಲ್ಲಿ ನ್ಯೂಟನ್ನನ ವಾದ ಬಹು ಚೆಲುವಾಗಿದೆ. ಪರಸ್ಪರ ಆಕರ್ಷಿಸುವ ಎರಡು ವಸ್ತುಗಳ ನಡುವೆ ಅವು ಕೂಡದಂತೆ ಒಂದು ಅಡ್ಡಿಯನ್ನಿಟ್ಟಿದೆಯೆಂದು ಕಲ್ಪಿಸಿಕೊಳ್ಳಿ. ಒಂದರ ಆಕರ್ಷಣೆ ಇನ್ನೊಂದರದಕ್ಕಿಂತ ಹೆಚ್ಚಾಗಿದ್ದರೆ ಅಡ್ಡಿಯ ಒಂದು ಪಕ್ಕಕ್ಕೆ ಹೆಚ್ಚು ಒತ್ತಡ ಬೀಳುತ್ತದೆ. ಆಗ ಅಡ್ಡಿ ಸಹಿತವಾಗಿ ಆ ಇಡೀ ಸಮೂಹವು ಹೊರಗಿನ ಯಾವ ಪ್ರೇರಣೆಯೂ ಇಲ್ಲದೆ, ನಿರಂತರವಾಗಿ ಹೆಚ್ಚುವ ವೇಗದಿಂದ ಅನಂತ ಆಕಾಶದಲ್ಲಿ ಓಡಿಹೋಗಬೇಕಾಗುತ್ತದೆ. ಇದು ಮೊದಲನೆಯ ನಿಯಮಕ್ಕೆ ವಿರುದ್ಧ. ಇದನ್ನು ಪರೀಕ್ಷಿಸಲು ಅವನು ಒಂದು ಅಯಸ್ಕಾಂತವನ್ನೂ ಒಂದು ಕಬ್ಬಿಣದ ತುಂಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿಟ್ಟು, ಪಾತ್ರೆಗಳು ಒಂದಕ್ಕೊಂದು ತಾಗುವಂತೆ ನಿಶ್ಚಲವಾದ ನೀರಿನಲ್ಲಿ ತೇಲಿಬಿಟ್ಟನು. ಯಾವುದೂ ಯಾವುದನ್ನೂ ನೂಕಿಕೊಂಡು ಹೋಗಲಿಲ್ಲ. ಎರಡೂ ಸ್ಥಿರವಾಗಿ ನಿಂತವು. ಅಯಸ್ಕಾಂತವೇ ಎಳೆಯುವುದು, ಕಬ್ಬಿಣವು ಬರಿದೆ ಎಳೆಯಲ್ಪಡುವುದು ಎಂಬ ಲೋಕರೂಢಿಯ ಭಾವನೆ ಅಲ್ಲಿಗೆ ಮುಗಿಯಿತು. ಇದೇ ವಾದವನ್ನು ಅವನು ಭೂಮಿಗೂ ಅನ್ವಯಿಸುತ್ತಾನೆ. ಭೂಮಿಯನ್ನು ಒಂದು ಸಮತಲದಿಂದ ಎರಡು ಅಸಮ ಭಾಗಗಳಾಗಿ ಕತ್ತರಿಸಿದಂತೆ ಕಲ್ಪಿಸಿದರೆ, ದೊಡ್ಡ ಭಾಗವು ಸಣ್ಣದನ್ನು ಎಳೆಯುವಷ್ಟೇ ಬಲದಿಂದ ಸಣ್ಣದು ದೊಡ್ಡದನ್ನು ಎಳೆಯಬೇಕು. ಇಲ್ಲವಾದರೆ ಭೂಮಿಯು ತನ್ನನ್ನು ತಾನೇ ನೂಕಿಕೊಂಡು ಹೊರಟುಬಿಡುತ್ತಿತ್ತು. ಎಂಥ ನುರಿತ ನಟನೂ ತನ್ನ ಹೆಗಲನ್ನು ತಾನೇ ಏರಲಾರನೆಂಬ ದೃಷ್ಟಾಂತವು ನಮ್ಮ ದರ್ಶನಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ ಅದು ಜ್ಞಾನವು ತನ್ನನ್ನು ತಾನೇ ವಿಷಯೀಕರಿಸಬಲ್ಲುದೆ ಎಂಬ ಚರ್ಚೆಗೆ ಬಂದದ್ದಾದರೂ ಬಲವಿಜ್ಞಾನದಲ್ಲಿ ಅಕ್ಷರಶಃ ಸತ್ಯ.

ಈ ನಿಯಮವು ಪ್ರಕಟವಾಗುವುದಕ್ಕೆ ಮೂವತ್ತು ವರ್ಷ ಮೊದಲು ನಡೆದ ಒಂದು ಪ್ರಸಿದ್ಧ ಪ್ರದರ್ಶನವನ್ನು ಇದರ ಬೆಳಕಿನಲ್ಲಿ ನೋಡುವುದು ಉಪಯುಕ್ತ. ಜರ್ಮನಿಯ ಮಾಗ್ಡೆಬುರ್ಗ್ ನಗರವು ಮೂವತ್ತು ವರ್ಷಗಳ ಯುದ್ಧದಲ್ಲಿ, 1631ರಲ್ಲಿ, ಸೂರೆಗೊಂಡು ಸುಟ್ಟುಹೋಗಿತ್ತು. ಆ ನಗರದ ಪುನರ್ನಿರ್ಮಾಣದಲ್ಲಿ ದುಡಿದು ಮುಂದೆ ಅದರ ಮೇಯರಾದ ಆಟೊ ಫಾನ್ ಗೇರಿಕನೇ ವಾಯುರೇಚಕ ಯಂತ್ರದ ನಿರ್ಮಾಪಕ. 1657ರಲ್ಲಿ ಅವನು ಎರಡು ಲೋಹದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿಯನ್ನು ತೆಗೆದು, ಎರಡು ಪಕ್ಕಕ್ಕೂ ಎಂಟೆಂಟು ಕುದುರೆಗಳನ್ನು ಹೂಡಿ ಎಳೆಸಿದನು. ಅವುಗಳನ್ನು ಬೇರ್ಪಡಿಸುವುದು ಹದಿನಾರು ಕುದುರೆಗಳಿಗೂ ದುಸ್ಸಾಧ್ಯವಾಯಿತು. ಗಾಳಿಯನ್ನು ಒಳಕ್ಕೆ ಬಿಟ್ಟೊಡನೆ ಕೈಯಿಂದಲೇ ಬಿಡಿಸಬಹುದಾಗಿತ್ತು. 1672ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ದೃಶ್ಯದ ದೊಡ್ಡ ಚಿತ್ರವಿದೆ.

ಚಿತ್ರವನ್ನು ನೋಡಿದವರೆಲ್ಲ ಹದಿನಾರು ಕುದುರೆಗಳ ಬಲ ಎನ್ನುತ್ತಾರೆ. ವಸ್ತುತಃ ಅರ್ಧಗೋಳಗಳನ್ನು ಬೇರ್ಪಡಿಸಲು ಯತ್ನಿಸಿದ್ದು ಎಂಟು ಕುದುರೆಗಳ ಬಲ ಮಾತ್ರ. ಒಂದು ಪಕ್ಕದ ಎಂಟು ಕುದುರೆಗಳನ್ನು ಬಿಚ್ಚಿ, ಆ ಹಗ್ಗವನ್ನು ಒಂದು ಭದ್ರವಾದ ಗೋಡೆಗೆ ಬಿಗಿದಿದ್ದರೂ ಪರಿಣಾಮ ಅಷ್ಟೇ ಆಗುತ್ತಿತ್ತು. ಏಕೆಂದರೆ ಎಂಟು ಕುದುರೆಗಳು ಎಳೆದಷ್ಟೇ ಬಲದಿಂದ ಗೋಡೆಯೂ ಆಚೆಯಿಂದ ಎಳೆದಿರುತ್ತಿತ್ತು. ಹದಿನಾರು ಕುದುರೆಗಳ ಬಲವನ್ನು ನಿಜವಾಗಿ ಪ್ರಯೋಗಿಸಬೇಕಾಗಿದ್ದರೆ ಅಷ್ಟನ್ನೂ ಒಂದೇ ಪಕ್ಕಕ್ಕೆ ಹೂಡಿ ಇನ್ನೊಂದು ಪಕ್ಕವನ್ನು ಗೋಡೆಗೆ ಬಿಗಿಯಬೇಕಾಗಿತ್ತು. ಆದರೆ ಗೋಡೆ ಎಳೆಯುವುದನ್ನು ನೋಡಲು ಯಾರು ನೆರೆಯುತ್ತಿದ್ದರು!

ಈ ಪ್ರಯೋಗದಲ್ಲಿ ಫಲಿತ ಬಲದ ಪಾಠವೂ ಅಡಗಿದೆ. ಲೆಕ್ಕದ ಅನುಕೂಲಕ್ಕಾಗಿ ಗೋಳದ ವ್ಯಾಸ 40 ಸೆಂಟಿಮೀಟರು, ಒಳಗೆ ಪೂರ್ಣ ನಿರ್ವಾತ ಎಂದಿಟ್ಟುಕೊಂಡರೆ, ಹೊರಗಿನ ಗಾಳಿಯು ಪ್ರತಿ ಅರ್ಧಗೋಳವನ್ನೂ ಒಳಕ್ಕೆ ಒತ್ತುವ ಬಲ ಸುಮಾರು 12,700 ನ್ಯೂಟನ್, ಎಂದರೆ 1,300 ಕಿಲೋಗ್ರಾಮಿನ ತೂಕದಷ್ಟು. ಕುದುರೆಗಳನ್ನು ಹೂಡುವ ಮೊದಲು ಎಡಗೋಳವು ಕದಲದೆ ನಿಂತಿರುವುದು ಬಲಗೋಳದ ಅಂಚು ಅದನ್ನು ಅಷ್ಟೇ ಬಲದಿಂದ ಹೊರಕ್ಕೆ ಒತ್ತುತ್ತಿರುವುದರಿಂದ. ಕುದುರೆಗಳು ಪ್ರತಿ ಪಕ್ಕದಲ್ಲಿಯೂ 8,000 ನ್ಯೂಟನ್ ಬಲದಿಂದ ಎಳೆದರೆ ಅಂಚುಗಳ ಒತ್ತುವಿಕೆ 4,700ಕ್ಕೆ ಇಳಿಯುತ್ತದೆ. ಎಡಗೋಳವು ಬಲಗೋಳವನ್ನು, ಬಲಗೋಳವು ಎಡಗೋಳವನ್ನು ಒತ್ತುವ ಎರಡು ಬಲಗಳೂ ಒಟ್ಟಿಗೇ, ಸಮನಾಗಿಯೇ ಇಳಿಯುತ್ತವೆ. ಪ್ರತಿ ಅರ್ಧಗೋಳದ ಮೇಲಿನ ಫಲಿತ ಬಲ ಇನ್ನೂ ಶೂನ್ಯವೇ. ಎಳೆತವು 12,700ನ್ನು ಮುಟ್ಟಿದಾಗ ಅಂಚುಗಳ ಒತ್ತುವಿಕೆ ಇಲ್ಲವಾಗುತ್ತದೆ. ಅದನ್ನು ಮೀರಿದೊಡನೆ ಗೋಳಗಳು ಬೇರ್ಪಡುತ್ತವೆ. ಕುದುರೆಗಳು ಬೆವರಿಳಿಸುತ್ತಿದ್ದರೂ ಏನೂ ನಡೆಯದಂತೆ ಕಾಣುವಾಗಲೂ ಒಳಗೆ ಬಲಗಳು ಬದಲಾಗುತ್ತಿರುತ್ತವೆ.

ಈಗ ನಮ್ಮ ಕ್ಷೇತ್ರದ ಮಾತಿಗೆ ಬರಬಹುದು. ಪ್ರತಿಕ್ರಿಯೆ ಎಂಬ ಪದಕ್ಕೆ ಯೂರೋಪಿನಲ್ಲಿ ರಾಜಕೀಯದ ಅರ್ಥ ಗಟ್ಟಿಯಾದದ್ದು ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ. 1794ರ ಜುಲೈನಲ್ಲಿ ರೋಬಸ್‌ಪಿಯರನು ಪದಚ್ಯುತನಾದ ಮೇಲೆ ನಡೆದುದಕ್ಕೆ ‘ಥರ್ಮಿಡೋರ್ ಪ್ರತಿಕ್ರಿಯೆ’ ಎಂಬ ಹೆಸರು ನಿಂತಿತು. 1797ರಲ್ಲಿ ಬೆಂಜಮಿನ್ ಕಾನ್‌ಸ್ಟಂಟನು ರಾಜಕೀಯ ಪ್ರತಿಕ್ರಿಯೆಗಳ ಮೇಲೆಯೇ ಒಂದು ಕಿರುಹೊತ್ತಗೆಯನ್ನು ಬರೆದನು. ಕ್ರಿಯೆ-ಪ್ರತಿಕ್ರಿಯೆ ಎಂಬ ಈ ಶಬ್ದದಂಪತಿಗಳ ದೀರ್ಘ ಚರಿತ್ರೆಯನ್ನು ಸ್ವಿಟ್ಜರ್ಲೆಂಡಿನ ವಿದ್ವಾಂಸ ಝಾನ್ ಸ್ಟಾರೊಬಿನ್‌ಸ್ಕಿ 1999ರಲ್ಲಿ ಒಂದು ಗ್ರಂಥವಾಗಿಯೇ ಪ್ರಕಟಿಸಿದ್ದಾರೆ. ರೂಪಕವಾಗಿ ಅದರ ಬಳಕೆಗೆ ನಮ್ಮ ಆಕ್ಷೇಪಣೆಯಿಲ್ಲ. ನಿಯಮವಾಗಿ ಬಳಸಿದಾಗ ಮಾತ್ರ ತೊಂದರೆ. ಲೂಥರನು ತನ್ನ ವಾದಗಳನ್ನು ಪ್ರಕಟಿಸಿದ್ದು 1517ರ ಅಕ್ಟೋಬರ್ 31ರಂದು. ಟ್ರೆಂಟಿನ ಮಹಾಸಭೆ ಸೇರಿದ್ದು 1545ರಲ್ಲಿ. ನ್ಯೂಟನ್ನನ ಪ್ರತಿಕ್ರಿಯೆ 28 ವರ್ಷ ಕಾಯುವುದಿಲ್ಲ, 28 ಕ್ಷಣವೂ ಕಾಯುವುದಿಲ್ಲ. (ದೂರದಲ್ಲಿ ಚಲಿಸುವ ವಿದ್ಯುದಾವೇಶಗಳ ನಡುವೆ ಪ್ರಭಾವವು ಹಾಯಲು ಕಾಲ ಬೇಕಾಗುತ್ತದೆ, ಆಗ ಸಂವೇಗದ ಒಂದು ಪಾಲನ್ನು ನಡುವಣ ಕ್ಷೇತ್ರವೇ ಹೊರುತ್ತದೆ ಎಂಬುದು ಮ್ಯಾಕ್ಸ್‌ವೆಲ್ಲನ ಅನಂತರದ ವಿಚಾರ, ಅದು ನಮ್ಮ ಪ್ರಸ್ತಾಪಕ್ಕೆ ಮೀರಿದ್ದು.) ಅಷ್ಟೇ ಅಲ್ಲ. ಸ್ಪೇನಿನಲ್ಲಿ ಮಠಗಳ ಶಿಸ್ತನ್ನು ತಿದ್ದಿ, ಅಲ್ಕಲಾ ವಿಶ್ವವಿದ್ಯಾಲಯವನ್ನು 1499ರಲ್ಲಿ ಸ್ಥಾಪಿಸಿದ ಕಾರ್ಡಿನಲ್ ಸಿಸ್ನೆರೋಸನು ತೀರಿಕೊಂಡದ್ದು 1517ರ ನವೆಂಬರ್ 8ರಂದು, ಲೂಥರನ ಪ್ರಕಟನೆಯಾದ ಎಂಟು ದಿನಕ್ಕೆ. ಅವನ ಸುಧಾರಣೆಗಳು ಯಾವ ಕ್ರಿಯೆಗೆ ಪ್ರತಿಕ್ರಿಯೆ? 1946ರಲ್ಲಿ ಜರ್ಮನಿಯ ಇತಿಹಾಸಕಾರ ಹ್ಯೂಬರ್ಟ್ ಯೆಡಿನ್ ಕ್ಯಾಥೊಲಿಕ್ ಸುಧಾರಣೆ, ಪ್ರತಿಸುಧಾರಣೆ ಎಂಬ ಎರಡು ಹೆಸರುಗಳನ್ನು ಬೇರೆಬೇರೆಯಾಗಿ ಪರಿಶೀಲಿಸಬೇಕಾಗಿ ಬಂದದ್ದು ಇಂಥ ಸಂಗತಿಗಳಿಂದಲೇ. ಭೌತವಿಜ್ಞಾನದಿಂದ ಏನನ್ನಾದರೂ ತರಲೇಬೇಕೆಂದರೆ ಫಲಿತ ಬಲದ ಲೆಕ್ಕವನ್ನು ತರುವುದು ಮೇಲು: ಒಂದೇ ಸಂಸ್ಥೆಯ ಮೇಲೆ ಒಂದೇ ಕಾಲದಲ್ಲಿ ಯಾವ ಯಾವ ದಿಕ್ಕಿನಿಂದ ಎಷ್ಟೆಷ್ಟು ಒತ್ತಡಗಳಿದ್ದವೆಂದು ಪಟ್ಟಿಮಾಡುವುದಕ್ಕಾದರೂ ಅದು ನಮ್ಮನ್ನು ಪ್ರೇರಿಸುತ್ತದೆ.

ನಿಯಮವನ್ನು ತಪ್ಪಾಗಿ ಗ್ರಹಿಸಿದವರು ಇತಿಹಾಸಕಾರರು ಮಾತ್ರವೇ ಅಲ್ಲ. ಮೈಸೂರಿನ ಚರಿತ್ರೆಯೊಡನೆ ಸಂಬಂಧವುಳ್ಳ ರಾಕೆಟ್ಟಿನ ವಿಷಯದಲ್ಲಿ ಇದು ವಿಶೇಷವಾಗಿ ಕಾಣಬರುತ್ತದೆ. ಹೈದರಾಲಿ, ಟಿಪ್ಪು ಸುಲ್ತಾನರ ಸೈನ್ಯಗಳಲ್ಲಿ ಬಾಣವೆಂದು ಕರೆಯಲ್ಪಡುತ್ತಿದ್ದ ರಾಕೆಟ್ಟುಗಳ ವೈಶಿಷ್ಟ್ಯ ಅವುಗಳ ಕಬ್ಬಿಣದ ಕೊಳವೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿದ್ದ ರೊದ್ದಂ ನರಸಿಂಹ ಅವರು 1985ರ ತಮ್ಮ ಅಧ್ಯಯನದಲ್ಲಿ ಇದರ ಮಹತ್ವವನ್ನು ವಿವರಿಸಿದ್ದಾರೆ. ಕಾಗದದ ಕೊಳವೆ ತಾಳಲಾರದ ಒತ್ತಡವನ್ನು ಕಬ್ಬಿಣವು ತಾಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇವುಗಳ ಮಾದರಿಗಳು ಇಂಗ್ಲೆಂಡಿನ ವುಲಿಚ್ಚನ್ನು ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವನು ಬೆಳೆಸಿದ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ನಿನ ಮೇಲೂ 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೂ ಹಾರಿದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳು ಬಾವಿಯಿಂದ ಸಾವಿರಕ್ಕೂ ಮಿಕ್ಕ ಕಬ್ಬಿಣದ ಕೊಳವೆಗಳು ದೊರೆತಾಗ ಈ ವಿಷಯ ಮತ್ತೆ ಜನರ ಗಮನಕ್ಕೆ ಬಂದಿತು.

ಬಾಣವು ಮುಂದಕ್ಕೆ ಹೋಗುವುದು ಹೇಗೆ? ಹಿಂದಕ್ಕೆ ಚಿಮ್ಮುವ ಬೆಂಕಿಯು ಹೊರಗಿನ ಗಾಳಿಯನ್ನು ಒದೆಯುತ್ತದೆ, ಗಾಳಿಯು ಬಾಣವನ್ನು ಮುಂದಕ್ಕೆ ನೂಕುತ್ತದೆ ಎಂಬುದು ಸಾಮಾನ್ಯರ ಊಹೆ. ಇಲ್ಲಿ ಜೋಡಿಯನ್ನು ತಪ್ಪು ಜಾಗದಲ್ಲಿ ಹುಡುಕಲಾಗಿದೆ. ಉರಿದ ಮದ್ದಿನ ಅನಿಲವು ಕೊಳವೆಯೊಳಗೆ ಎಲ್ಲ ದಿಕ್ಕಿಗೂ ಒತ್ತುತ್ತದೆ. ಸುತ್ತಲ ಗೋಡೆಯ ಮೇಲಿನ ಒತ್ತಡಗಳು ಒಂದನ್ನೊಂದು ಸರಿದೂಗಿಸುತ್ತವೆ. ಮುಂದಿನ ಮುಚ್ಚಿದ ತುದಿಯ ಮೇಲಿನ ಒತ್ತಡಕ್ಕೆ ಸರಿದೂಗಲು ಹಿಂದೆ ರಂಧ್ರವಿರುವೆಡೆ ಗೋಡೆಯೇ ಇಲ್ಲ. ಕೊಳವೆಯನ್ನು ಅನಿಲ ಮುಂದಕ್ಕೆ ನೂಕುತ್ತದೆ, ಅನಿಲವನ್ನು ಕೊಳವೆ ಹಿಂದಕ್ಕೆ ನೂಕುತ್ತದೆ. ಜೋಡಿ ಇಲ್ಲಿಗೆ ಮುಗಿಯಿತು; ಮೂರನೆಯವನಾದ ಹೊರಗಾಳಿಗೆ ಇದರಲ್ಲಿ ಪಾತ್ರವಿಲ್ಲ. ಸೆಕೆಂಡಿಗೆ 0.1 ಕಿಲೋಗ್ರಾಂ ಅನಿಲವು ಸೆಕೆಂಡಿಗೆ 600 ಮೀಟರು ವೇಗದಿಂದ ಹೊರಬೀಳುವುದಾದರೆ ನೂಕುಬಲ 60 ನ್ಯೂಟನ್. ಬಾಣದ ದ್ರವ್ಯರಾಶಿ 2 ಕಿಲೋಗ್ರಾಂ ಇದ್ದು ಅದನ್ನು ನೆಟ್ಟಗೆ ಮೇಲಕ್ಕೆ ಬಿಟ್ಟರೆ, ತೂಕದ 20 ನ್ಯೂಟನ್ ಕಳೆದು ಫಲಿತ ಬಲ ಸುಮಾರು 40 ನ್ಯೂಟನ್ ಉಳಿಯುತ್ತದೆ. ಹೊರಗಾಳಿಯು ಮಾಡುವುದೇನಿದ್ದರೂ ಚಲನೆಗೆ ಅಡ್ಡಿ. ಮದ್ದು ಉರಿಯಲು ಬೇಕಾದ ಆಮ್ಲಜನಕವನ್ನು ಅದರಲ್ಲಿ ಬೆರೆತಿರುವ ಪೆಟ್ಲುಪ್ಪೇ ಒದಗಿಸುವುದರಿಂದ ಅದಕ್ಕೂ ಗಾಳಿ ಬೇಕಿಲ್ಲ.

ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಅಧ್ಯಾಪಕನಾಗಿದ್ದ ರಾಬರ್ಟ್ ಗಾಡರ್ಡನು ಇದನ್ನು ಪ್ರಯೋಗದಿಂದಲೇ ತೋರಿಸಿದನು. ಗಾಳಿಯನ್ನು ತೆಗೆದ ಕೊಳವೆಯೊಳಗೆ ಮದ್ದನ್ನು ಉರಿಸಿ, ನಿರ್ವಾತದಲ್ಲಿಯೂ ನೂಕುಬಲ ಕುಂದುವುದಿಲ್ಲವೆಂಬುದನ್ನು ಅಳೆದು, ಸ್ಮಿತ್‌ಸೋನಿಯನ್ ಸಂಸ್ಥೆಯು 1919ರಲ್ಲಿ ಪ್ರಕಟಿಸಿದ ತನ್ನ ಪ್ರಬಂಧದಲ್ಲಿ ಆ ಪ್ರಯೋಗಗಳನ್ನು ವಿವರಿಸಿದನು. ರಾಕೆಟ್ಟು ಚಂದ್ರನನ್ನು ಮುಟ್ಟಬಹುದೆಂಬ ಸೂಚನೆಯೂ ಅದರಲ್ಲಿತ್ತು. 1920ರ ಜನವರಿ 13ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಸಂಪಾದಕೀಯ ಪುಟದಲ್ಲಿ ಅವನನ್ನು ಹಾಸ್ಯಮಾಡಿತು. ಶೂನ್ಯದಲ್ಲಿ ಒತ್ತಿ ನಿಲ್ಲಲು ಏನೂ ಇಲ್ಲದಿರುವಾಗ ರಾಕೆಟ್ಟು ಚಲಿಸಲಾರದು. ಕ್ರಿಯೆ-ಪ್ರತಿಕ್ರಿಯೆಗಳ ಸಂಬಂಧವನ್ನು ಈ ಪ್ರಾಧ್ಯಾಪಕನು ಅರಿಯನು. ಪ್ರೌಢಶಾಲೆಯ ಮಕ್ಕಳಿಗೆ ದಿನವೂ ಹೇಳಿಕೊಡುವಷ್ಟು ಜ್ಞಾನವೂ ಇವನಿಗಿಲ್ಲ ಎಂಬುದು ಅದರ ತಾತ್ಪರ್ಯ. ನಿಯಮದ ಹೆಸರನ್ನು ಹಿಡಿದೇ ನಿಯಮವನ್ನು ಅಲ್ಲಗಳೆದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ನಮಗೆ ತಿಳಿದಿಲ್ಲ.

ಗಾಡರ್ಡನು ತನ್ನ ಕೆಲಸವನ್ನು ಬಿಡಲಿಲ್ಲ. 1926ರ ಮಾರ್ಚ್ 16ರಂದು ಮ್ಯಾಸಚೂಸೆಟ್ಸಿನ ಆಬರ್ನ್‌ನಲ್ಲಿ ದ್ರವ ಇಂಧನದ ಮೊದಲ ರಾಕೆಟ್ಟನ್ನು ಹಾರಿಸಿದನು. 1945ರ ಆಗಸ್ಟ್ 10ರಂದು ತೀರಿಕೊಂಡನು. ಅಪೊಲೊ 11 ಚಂದ್ರನತ್ತ ಹೊರಟದ್ದು 1969ರ ಜುಲೈ 16ರಂದು. ಮರುದಿನ ನ್ಯೂಯಾರ್ಕ್ ಟೈಮ್ಸ್ ತನ್ನ 49 ವರ್ಷಗಳ ಹಿಂದಿನ ಬರಹಕ್ಕೆ ಒಂದು ಚಿಕ್ಕ ತಿದ್ದುಪಡಿಯನ್ನು ಪ್ರಕಟಿಸಿ, ರಾಕೆಟ್ಟು ವಾಯುಮಂಡಲದಲ್ಲಿಯಂತೆ ನಿರ್ವಾತದಲ್ಲಿಯೂ ಚಲಿಸಬಲ್ಲುದೆಂದು ಒಪ್ಪಿಕೊಂಡು ವಿಷಾದವನ್ನು ಸೂಚಿಸಿತು.